ಬಾಗಿಲು ತೆರೆಯುವ ಮುನ್ನ

ಬೇಸಗೆಯಲ್ಲಿ ದಾರಿಬದಿಗೆ ಅರವಟ್ಟಿಗೆ ಇಡುವವರು ಮೊದಲು ನೆರಳು ನೋಡಿ ಚಪ್ಪರ ಹಾಕುತ್ತಾರೆ. ಹರವಿಗೆ ಮುಚ್ಚಳ ಹೊಂದಿಸುತ್ತಾರೆ. ನೀರು ತುಂಬಲು ಒಬ್ಬನನ್ನು ನೇಮಿಸುತ್ತಾರೆ. ಬರುವವರು ಯಾರೆಂದು ತಿಳಿಯದು. ಆದರೂ ಸಿದ್ಧತೆಯೆಲ್ಲ ಅವರಿಗಾಗಿಯೇ. ಅರವಟ್ಟಿಗೆಗೆ ಬಿಟ್ಟ ದತ್ತಿಗಳನ್ನು ನಮ್ಮ ಶಾಸನಗಳಲ್ಲಿ ಕಾಣುತ್ತೇವೆ. ಬಾಳೆಲ್ಲ ಹಳಗನ್ನಡ ಪಾಠ ಹೇಳಿದ ನನಗೆ, ಲೋಕಕ್ಕೆಲ್ಲ ತೆರೆದ ಕಂಪ್ಯೂಟರಿನ ಚರಿತ್ರೆಯನ್ನು ಓದುವಾಗ ನೆನಪಾದದ್ದು ಈ ಅರವಟ್ಟಿಗೆಯೇ.

ಜಿನೀವಾದ ಬಳಿ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಿದೆ. ಅಲ್ಲಿನ ಟಿಮ್ ಬರ್ನರ್ಸ್-ಲೀ ೧೯೮೯ರ ಮಾರ್ಚಿಯಲ್ಲಿ, ಚದುರಿದ ಮಾಹಿತಿಯನ್ನೆಲ್ಲ ಕೊಂಡಿಗಳಿಂದ ಹೆಣೆಯುವ ಯೋಜನೆಯೊಂದನ್ನು ಬರೆದುಕೊಟ್ಟರು. ಅವರ ಮೇಲಧಿಕಾರಿ ಮೈಕ್ ಸೆಂಡಾಲ್, ಅಸ್ಪಷ್ಟವಾದರೂ ರೋಮಾಂಚಕ ಎಂಬರ್ಥದ ಷರಾ ಬರೆದರು. ೧೯೯೦ರಲ್ಲಿ ಬಂದ ನೆಕ್ಸ್ಟ್ ಕಂಪ್ಯೂಟರನ್ನು ಆ ವರ್ಷದ ಕ್ರಿಸ್ಮಸ್ ವೇಳೆಗೆ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್ ಸರ್ವರನ್ನಾಗಿ ಸಜ್ಜುಗೊಳಿಸಿದ್ದರು. ಅದರ ಮೈಮೇಲೆ, ಇದು ಸರ್ವರ್, ಆರಿಸಕೂಡದು ಎಂದು ಕೆಂಪು ಶಾಯಿಯಲ್ಲಿ ಕೈಯಾರೆ ಬರೆದ ಚೀಟಿಯೊಂದನ್ನು ಅಂಟಿಸಲಾಗಿತ್ತು. ಕೋಣೆಗೆ ಬಂದ ಯಾರಾದರೂ ಗುಂಡಿ ಒತ್ತಿದರೆ ವೆಬ್ಬೇ ಇಲ್ಲವಾಗುತ್ತಿತ್ತು!

ಆದರೆ ಆರದಂತೆ ಕಾಯುವುದಷ್ಟೇ ಸಿದ್ಧತೆಯಲ್ಲ. ೧೯೮೮ರ ನವೆಂಬರಿನಲ್ಲಿ ರಾಬರ್ಟ್ ಮಾರಿಸ್ ಎಂಬ ಅಮೆರಿಕದ ವಿದ್ಯಾರ್ಥಿ ಬಿಟ್ಟ 'ಹುಳು'ವೊಂದು ಸಾವಿರಾರು ಕಂಪ್ಯೂಟರುಗಳನ್ನು ಹೊಕ್ಕಿತ್ತು. ಅಂಚೆ ಸಾಗಿಸುವ, ಬಳಕೆದಾರರ ವಿವರ ಹೇಳುವ ಸಾಧಾರಣ ಸೇವೆಗಳ ಬಿರುಕುಗಳೂ ಸುಲಭವಾಗಿ ಊಹಿಸಬಲ್ಲ ಗುಪ್ತಪದಗಳೂ ಅದಕ್ಕೆ ದಾರಿಯಾದವು. ಬೇಡದ ಬಾಗಿಲನ್ನು ಮುಚ್ಚಿಡಬೇಕೆಂಬ ಪಾಠವನ್ನು ಲೋಕ ಹೀಗೆ ಕಲಿಯಿತು.

ಕಂಪ್ಯೂಟರಿಗೆ ಅರವತ್ತೈದು ಸಾವಿರಕ್ಕೂ ಮಿಕ್ಕಿ ಬಾಗಿಲುಗಳಿವೆ. ವೆಬ್ಬಿಗೆ ಮೀಸಲಾದದ್ದು ೮೦ನೆಯದು. ಗುಪ್ತಲಿಪಿಯಲ್ಲಿ ಮಾತಾಡುವಾಗ ೪೪೩ನೆಯದು. ಯೂನಿಕ್ಸ್ ಸಂಪ್ರದಾಯದಲ್ಲಿ ೧೦೨೪ಕ್ಕಿಂತ ಕೆಳಗಿನ ಬಾಗಿಲನ್ನು ತೆರೆಯುವ ಅಧಿಕಾರ ಯಜಮಾನನಿಗೆ ಮಾತ್ರ. ಆದ್ದರಿಂದ ಸರ್ವರ್ ಯಜಮಾನನಾಗಿ ಎದ್ದು ಬಾಗಿಲು ತೆರೆದು, ಕೂಡಲೇ ಅಧಿಕಾರ ತ್ಯಜಿಸಿ ಸಾಮಾನ್ಯ ಸೇವಕನಾಗಿ ಅತಿಥಿಗಳ ಮುಂದೆ ನಿಲ್ಲುತ್ತದೆ. ಆ ಸೇವಕನಿಗೆ ಹಳಬರು ಇಟ್ಟ ಹೆಸರು 'ನೋಬಡಿ', ಅಂದರೆ 'ಯಾರೂ ಅಲ್ಲ'! ಕಳ್ಳನು ಅವನನ್ನು ವಶಮಾಡಿಕೊಂಡರೂ ಮನೆಯ ಬೀಗದಕೈ ಸಿಕ್ಕದು.

ಇದರ ಬೆಲೆ ನನಗೆ ತಿಳಿದದ್ದು ನಷ್ಟದಿಂದ. ಮೂವತ್ತು ವರ್ಷ ಹಳ್ಳಿಹಳ್ಳಿ ತಿರುಗಿ ನಾನು ಬರೆದುಕೊಂಡ ಹಾಡುಗಳನ್ನು ಸಂಸ್ಥೆಯೊಂದು ತನ್ನ ಸರ್ವರಿನಲ್ಲಿಟ್ಟಿತ್ತು. ಯಾರೋ ನುಗ್ಗಿ ಎಲ್ಲ ಅಳಿಸಿದರು, ಪ್ರತಿ ತೆಗೆದಿಟ್ಟಿರಲಿಲ್ಲ. ಗೆದ್ದಲು ತಿಂದುಳಿದ ನೋಟುಪುಸ್ತಕಗಳಿಂದ ಅರ್ಧದಷ್ಟು ಮರಳಿತು. ಉಳಿದರ್ಧವನ್ನು ಹಾಡಿದ ಅಜ್ಜಿಯರು ಈಗಿಲ್ಲ.

ಕಳೆದ ವರ್ಷ ಹಳೆಯ ಶಿಷ್ಯನೊಬ್ಬ ಆ ಅರ್ಧಕ್ಕಾಗಿ ಹೊಸ ಯಂತ್ರವನ್ನು ಅಣಿಗೊಳಿಸಿದ. ಮೂರು ದಿನ ಅವನು ಮಾಡಿದ್ದೆಲ್ಲ ಮುಚ್ಚುವ ಕೆಲಸ: ಬೇಡದ ಸೇವೆಗಳನ್ನು ತೆಗೆದ, ತಂತ್ರಾಂಶಗಳ ಬಿರುಕುಗಳಿಗೆ ತೇಪೆ ಹಚ್ಚಿದ, ಪ್ರತಿಯನ್ನು ಬೇರೆ ಊರಿನಲ್ಲಿಟ್ಟ, ಅದನ್ನು ಮರಳಿ ತೆರೆದೂ ನೋಡಿದ. ನಾನು ಬೇಸತ್ತು, "ಎಂದಪ್ಪಾ ತೆರೆಯುವುದು?" ಎಂದೆ. "ತೆರೆಯುವುದು ಒಂದು ಗಳಿಗೆ, ಸಾರ್" ಎಂದ. ತೆರೆದು, ದಿನಚರಿಯ ಕಡತವನ್ನು ತೋರಿಸಿದ. ಕೆಲವೇ ನಿಮಿಷಗಳಲ್ಲಿ ಎಲ್ಲಿನವರೋ ಗುಪ್ತಪದಗಳನ್ನು ಊಹಿಸುತ್ತ ಬಾಗಿಲು ಅಲುಗಿಸತೊಡಗಿದ್ದರು.

ಮಾರನೆಯ ಬೆಳಗ್ಗೆ ಅದೇ ಕಡತದಲ್ಲಿ ಮತ್ತೊಂದು ಸಾಲಿತ್ತು. ಯಾರೋ ಒಬ್ಬರು ನಡುರಾತ್ರಿಯಲ್ಲಿ ಬಂದು, ಬೀಸುವ ಹಾಡೊಂದನ್ನು ತೆರೆದು ಓದಿಹೋಗಿದ್ದರು.