ಮುಳುಗದ ಹಡಗಿನ ಪಾಠ

1912ನೆಯ ಇಸವಿ ಏಪ್ರಿಲ್ 14ರ ರಾತ್ರಿ ಅಟ್ಲಾಂಟಿಕ್ ಸಾಗರದಲ್ಲಿ ಹಿಮಗಡ್ಡೆಗೆ ತಗುಲಿದ ‘ಟೈಟಾನಿಕ್’ ಹಡಗು ಮೂರು ಗಂಟೆಗಳೊಳಗಾಗಿ ಮುಳುಗಿ, ಸುಮಾರು 1,500 ಮಂದಿ ಅಸುನೀಗಿದ ಸಂಗತಿ ಶ್ರೋತೃಗಳಿಗೆ ತಿಳಿದೇ ಇದೆ. ಅದರ ಒಡಲನ್ನು ಅಡ್ಡಗೋಡೆಗಳಿಂದ 16 ಕೋಣೆಗಳಾಗಿ ವಿಭಾಗಿಸಿದ್ದರು. ಮುಂಭಾಗದ ನಾಲ್ಕರಲ್ಲಿ ನೀರು ತುಂಬಿದರೂ ಹಡಗು ತೇಲಬಲ್ಲುದಾಗಿತ್ತು. ಅಂದು ನಾಲ್ಕಕ್ಕೂ ಹೆಚ್ಚು ಕೋಣೆಗಳಿಗೆ ನೀರು ನುಗ್ಗಿತು. ಗೋಡೆಗಳ ಎತ್ತರ ಸಾಲದೆ ಒಂದರಿಂದ ಮತ್ತೊಂದಕ್ಕೆ ಉಕ್ಕಿಹರಿಯಿತು.

ಇದಕ್ಕಿಂತಲೂ ಶೋಚನೀಯವಾದುದು ದೋಣಿಗಳ ಲೆಕ್ಕ. ಹಡಗಿನಲ್ಲಿದ್ದವರು ಸುಮಾರು 2,200. ದೋಣಿಗಳಲ್ಲಿ ಸ್ಥಳವಿದ್ದುದು 1,178 ಮಂದಿಗೆ. ಆದರೂ ಕಾನೂನಿಗೆ ಲೋಪವಾಗಿರಲಿಲ್ಲ! 10,000 ಟನ್ನಿಗೆ ಮೇಲ್ಪಟ್ಟ ಹಡಗಿಗೆ 16 ದೋಣಿಗಳು ಸಾಕೆಂದಿತ್ತು 1894ರ ಬ್ರಿಟಿಷ್ ನಿಯಮ. ಟೈಟಾನಿಕ್ಕಿನ ಪ್ರಮಾಣವಾದರೋ 46,000 ಟನ್ನನ್ನು ಮೀರಿತ್ತು. ಹಡಗೇ ರಕ್ಷೆಯೆಂದು ನಂಬಿದವರು ಹಳೆಯ ನಿಯಮವನ್ನು ತಿದ್ದಲಿಲ್ಲ. ಪ್ರತಿಯೊಬ್ಬನಿಗೂ ದೋಣಿಯಲ್ಲಿ ಸ್ಥಳವಿರಬೇಕೆಂದು ರಾಷ್ಟ್ರಗಳು ಲಂಡನ್ನಿನಲ್ಲಿ ಒಪ್ಪಿದುದು 1914ರಲ್ಲಿ. ಯಂತ್ರ ಎಷ್ಟೇ ಬಲವಾಗಿರಲಿ, ಅದು ಕೈಕೊಟ್ಟ ದಿನಕ್ಕೆ ಬೇಕಾದುದನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳುವುದು ವಿವೇಕ.