ಪೆಂತೆಕೋಸ್ತ್ ಹಬ್ಬದ ಮರುದಿನ: ನಮ್ಮ ಸೀಮೆಯ ಎರಡು ಧರ್ಮಗಳ ಕಥೆ



ಪೆಂತೆಕೋಸ್ತ್ ಹಬ್ಬದಂದು ಸಂತ ಪೇತ್ರರ ಬೋಧನೆಯನ್ನು ಕೇಳಿ ಒಂದೇ ದಿನ ಸುಮಾರು ಮೂರು ಸಾವಿರ ಜನ ದೀಕ್ಷಾಸ್ನಾನ ಪಡೆದರೆಂದು ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಸಂಖ್ಯೆ ನಮ್ಮ ನೆನಪಿನಲ್ಲಿ ಉಳಿಯುತ್ತದೆ. ಆದರೆ ಅದರ ಮುಂದಿನ ಮಾತನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮರುದಿನದಿಂದ ಆ ಜನ ಏನು ಮಾಡಿದರು? ಪ್ರೇಷಿತರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ ಈ ನಾಲ್ಕನ್ನು ಬಿಡದೆ ನಡೆಸಿಕೊಂಡು ಬಂದರು. ಅವರನ್ನು ಸೆಳೆದದ್ದು ಒಂದು ದಿನದ ಬೋಧನೆ. ಉಳಿಸಿದ್ದು ದಿನನಿತ್ಯದ ರೂಢಿ.

ರೋಣ, ನರಗುಂದ, ಗಜೇಂದ್ರಗಡದ ಕಡೆ ಮನೆಗಳನ್ನು ಸಂದರ್ಶಿಸುವಾಗ ಹಿರಿಯರು ನಮ್ಮನ್ನು ಕೇಳುವುದುಂಟು: "ಫಾದರ್, ಸುತ್ತಮುತ್ತ ಎಲ್ಲಿ ನೋಡಿದ್ರೂ ಮಸೀದಿ ಅದಾವ. ನಮ್ಮ ಮಂದಿ ಯಾಕ ಇಷ್ಟು ಕಡಿಮಿ? ಇದ್ದ ಹುಡುಗ್ರೂ ಹುಬ್ಬಳ್ಳಿ, ಬೆಂಗಳೂರಿಗೆ ಹೋಗಿ ಪೂಜಿ ಮರೀತಾರಲ್ರೀ?" ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರ ಹುಡುಕುವುದು ಒಳ್ಳೆಯದು.

ಜನರ ಬಾಯಲ್ಲಿ ಎರಡು ಸಿದ್ಧ ಉತ್ತರಗಳಿವೆ. ಇಸ್ಲಾಂ ಕತ್ತಿಯಿಂದ ಹಬ್ಬಿತು, ಕ್ರೈಸ್ತಧರ್ಮ ಗೋಧಿ-ಹಾಲಿನಪುಡಿಯಿಂದ ಹಬ್ಬಿತು ಎನ್ನುತ್ತಾರೆ. ಎರಡೂ ಲೆಕ್ಕಕ್ಕೆ ನಿಲ್ಲುವುದಿಲ್ಲ. 1565ರ ತಾಳಿಕೋಟೆ ಯುದ್ಧದ ನಂತರ ಈ ಸೀಮೆ ಸುಮಾರು ನೂರು ವರ್ಷ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. 1818ರಿಂದ 1947ರವರೆಗೆ ಇಲ್ಲಿ ಬ್ರಿಟಿಷರ ಪ್ರಭುತ್ವವಿತ್ತು. ಹೀಗಿದ್ದರೂ 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮುಸ್ಲಿಮರು ಶೇಕಡಾ 12.92, ಕ್ರೈಸ್ತರು ಶೇಕಡಾ 1.87. ನಮ್ಮ ಗದಗ ಜಿಲ್ಲೆಯಲ್ಲಂತೂ ಕ್ರೈಸ್ತರು ಶೇಕಡಾ ಒಂದೂ ಇಲ್ಲ. ಅಧಿಕಾರವೇ ಧರ್ಮವನ್ನು ಬೆಳೆಸುವುದಾಗಿದ್ದರೆ ಲೆಕ್ಕ ಬೇರೆಯೇ ಆಗಿರುತ್ತಿತ್ತು.

ಹಾಗಾದರೆ ಇಸ್ಲಾಂ ಇಲ್ಲಿ ಬೇರೂರಿದ್ದು ಹೇಗೆ? ಬಿಜಾಪುರದ ಸೂಫಿ ಸಂತರನ್ನು ಕುರಿತು 1978ರಲ್ಲಿ ಗ್ರಂಥ ಬರೆದ ಇತಿಹಾಸಕಾರ ರಿಚರ್ಡ್ ಈಟನ್ ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟಿದ್ದಾರೆ. ಪರ್ಷಿಯನ್ ಅರಿಯದ ಸಾಮಾನ್ಯ ಹೆಂಗಸರು ಬೀಸುವಾಗ, ನೂಲುವಾಗ ಹಾಡಿಕೊಳ್ಳಲೆಂದು ಸೂಫಿಗಳು ದಖನಿ ಮಾತಿನಲ್ಲಿ ಹಾಡುಗಳನ್ನು ಕಟ್ಟಿದರು. ಅವಕ್ಕೆ ಚಕ್ಕಿನಾಮಾ, ಚರಖಾನಾಮಾ ಎಂದು ಹೆಸರು. ದೇವರ ಹೆಸರು ಬೀಸುವ ಕಲ್ಲಿನ ಜೊತೆ ಮನೆಯೊಳಗೆ ಬಂತು. ತಾಯಿ ಹಾಡಿದ್ದನ್ನು ಮಗು ಕೇಳಿತು. ಕಾಯಿಲೆ-ಕಸಾಲೆ ಬಂದಾಗ ಮನೆಯವರು ದರ್ಗಾಕ್ಕೆ ಹರಕೆ ಹೊತ್ತರು. ಇಂತಿಂಥ ದಿನ ಮತ ಬದಲಿಸಿದೆವು ಎಂದು ಹೇಳುವ ಪ್ರಸಂಗವೇ ಅವರಲ್ಲಿ ಅನೇಕರಿಗೆ ಬರಲಿಲ್ಲ. ತಲೆಮಾರುಗಳು ಕಳೆದಂತೆ ಆ ಬದಲಾವಣೆ ತಾನಾಗಿ ಆಯಿತು.

ಈ ಎರೆಸೀಮೆಯಲ್ಲಿ ಹತ್ತಿ ಹಿಂಜುವ ಪಿಂಜಾರರನ್ನೇ ನೋಡಿ. ಅವರ ಮನೆಮಾತು ಕನ್ನಡ, ಊಟ ಜೋಳದ ರೊಟ್ಟಿ. ಧರ್ಮ ಬಂದಿತೆಂದು ಅವರು ಊರು ಬಿಡಲಿಲ್ಲ, ಕಸುಬನ್ನೂ ಬಿಡಲಿಲ್ಲ. ಲಕ್ಷ್ಮೇಶ್ವರದ ದೂದಪೀರರ ದರ್ಗಾಕ್ಕೆ ಇಂದಿಗೂ ಎಲ್ಲ ಜಾತಿಯವರು ನಡೆದುಕೊಳ್ಳುತ್ತಾರೆ. ಮೊಹರಮ್ ಬಂದರೆ ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ರಿವಾಯತ್ ಪದ ಹಾಡುವವರಲ್ಲಿ ಹಿಂದೂಗಳೇ ಬಹಳ. ಇದೆಲ್ಲ ಶಾಸ್ತ್ರಸಮ್ಮತವಲ್ಲ ಎನ್ನುವ ಮುಸ್ಲಿಂ ವಿದ್ವಾಂಸರಿದ್ದಾರೆ ಎಂಬುದನ್ನೂ ನಾವು ಬಲ್ಲೆವು. ಅವರ ಮನೆಗಳನ್ನು ಬಿಗಿದಿಟ್ಟಿರುವ ಇನ್ನೊಂದು ಎಳೆಯೆಂದರೆ ಐದು ಹೊತ್ತಿನ ನಮಾಜು, ರಂಜಾನಿನ ಉಪವಾಸ, ಜಕಾತ್, ಎಳೆಯ ಮಕ್ಕಳ ಕುರ್‌ಆನ್ ಪಾಠ.

ಕ್ರೈಸ್ತಧರ್ಮ ಈ ಭಾಗಕ್ಕೆ ಬಂದ ದಾರಿ ಬೇರೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಸೇರಿದರು. ಶಾಲೆ ಕಟ್ಟಿದರು, ಔಷಧಿ ಕೊಟ್ಟರು, ಕನ್ನಡಕ್ಕೆ ನಿಘಂಟು ಕೊಟ್ಟರು. ಈ ಪ್ರೊಟೆಸ್ಟೆಂಟ್ ಸಹೋದರರ ಸೇವೆಯನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆದರೆ ದೀಕ್ಷಾಸ್ನಾನ ಪಡೆದವನು ಅನೇಕ ವೇಳೆ ಮನೆ, ಜಾತಿ, ಕಸುಬು ಮೂರನ್ನೂ ಕಳೆದುಕೊಳ್ಳುತ್ತಿದ್ದ. ಅಂಥವರಿಗೆ ಮಿಷನ್ನೇ ನೆಲೆ ಒದಗಿಸಬೇಕಾಯಿತು. ಗದಗ ಸಮೀಪದ ಮಲ್ಲಸಮುದ್ರದಲ್ಲಿ 1840ರ ದಶಕದಲ್ಲಿ ಬೇಸಾಯದ ವಸಾಹತು ಏರ್ಪಡಿಸಿದರು; ಬೇರೆಡೆ ನೇಯ್ಗೆ, ಹಂಚಿನ ಕಾರ್ಖಾನೆ ತೆರೆದರು. ಮಲ್ಲಸಮುದ್ರದಲ್ಲಿ ನಿರೀಕ್ಷಿಸಿದಷ್ಟು ಜನ ಸೇರಲಿಲ್ಲ. ಹೊಸ ವಿಶ್ವಾಸಿ ಊರಿನಿಂದ ದೂರವಾಗಿ ಮಿಷನ್ ಕಾಂಪೌಂಡಿನವನಾದ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಬಂಧಿಸಿ ಹೊರಗೆ ಕಳುಹಿಸಿದಾಗ ಕಾರ್ಖಾನೆಗಳೂ ಮಿಷನ್ನಿನ ಕೈತಪ್ಪಿದವು. ಆದರೂ ಬೆಟಗೇರಿಯಲ್ಲಿ ಸಭೆ ಅಳಿಯಲಿಲ್ಲ. ಕನ್ನಡದ ಬೈಬಲ್ ಮತ್ತು ಕನ್ನಡದ ಸಂಗೀತಗಳು ಜನರ ಕೈಯಲ್ಲೇ ಇದ್ದವು.

ನಮ್ಮ ಕಥೋಲಿಕರ ಸಾಕ್ಷಿ ಗಜೇಂದ್ರಗಡದಿಂದ ಈಶಾನ್ಯಕ್ಕೆ, ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿದೆ. 16ನೇ ಶತಮಾನದಲ್ಲಿ ಗೋವಾ ಕಡೆಯಿಂದ ಬಂದ ಯೇಸುಸಭೆಯ ಗುರುಗಳು ಬಿತ್ತಿದ ಬೀಜ ಅದು. ಅದಕ್ಕೆ ಆಶ್ರಯ ಕೊಟ್ಟವರು ಬಿಜಾಪುರದ ಮುಸ್ಲಿಂ ಸುಲ್ತಾನರು. 1773ರಲ್ಲಿ ಯೇಸುಸಭೆಯನ್ನೇ ವಿಸರ್ಜಿಸಲಾಯಿತು, ಆದಿಲ್‌ಶಾಹಿಗಳು ಅದಕ್ಕೂ ಮೊದಲೇ ಅಳಿದಿದ್ದರು. ಆಶ್ರಯ ಕೊಟ್ಟವರೂ ಬಿತ್ತಿದವರೂ ಹೋದ ಮೇಲೆಯೂ ಮುದಗಲ್ಲಿನ ಕುಟುಂಬಗಳು ವಿಶ್ವಾಸವನ್ನು ಬಿಡಲಿಲ್ಲ. ಅದೇ ಊರಿನ ಮೊಹರಮ್ ಕೂಡ ನಾಡಿಗೆಲ್ಲ ಹೆಸರುವಾಸಿ.

ಇಂದಿನ ಜಗತ್ತಿನ ಲೆಕ್ಕವನ್ನೂ ನೋಡೋಣ. 2025ರಲ್ಲಿ ಪ್ರಕಟವಾದ ಪ್ಯೂ ಸಂಶೋಧನಾ ಕೇಂದ್ರದ ವರದಿಯಂತೆ 2010ರಿಂದ 2020ರ ಅವಧಿಯಲ್ಲಿ ಜಗತ್ತಿನ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇಕಡಾ 28.8ಕ್ಕೆ ಇಳಿದಿದೆ, ಮುಸ್ಲಿಮರ ಪಾಲು 25.6ಕ್ಕೆ ಏರಿದೆ. ಮುಸ್ಲಿಮರ ಏರಿಕೆಗೆ ಮುಖ್ಯ ಕಾರಣ ಮತಾಂತರವಲ್ಲ, ಅವರಲ್ಲಿ ಕಿರಿಯ ವಯಸ್ಸಿನವರೂ ಜನನವೂ ಹೆಚ್ಚು. ಕೆಲವು ದೇಶಗಳಲ್ಲಿ ಇಸ್ಲಾಂ ಬಿಡುವುದು ಕಾನೂನಿನಿಂದಲೇ ಕಷ್ಟ ಎಂಬುದನ್ನೂ ಮರೆಯಬಾರದು. ಕ್ರೈಸ್ತರ ವಿಷಯದಲ್ಲಿ ಮಾತ್ರ ಮನಸ್ಸಿಗೆ ನಾಟುವ ಮಾತೊಂದಿದೆ: ಹೊಸದಾಗಿ ಒಬ್ಬರು ಸೇರಿದರೆ, ಕ್ರೈಸ್ತರಾಗಿ ಬೆಳೆದ ಮೂವರು ಬಿಟ್ಟು ಹೋಗುತ್ತಿದ್ದಾರೆ. ಆ ಮೂವರನ್ನು ಯಾವ ನೆರೆಯವರೂ ಕದ್ದುಕೊಂಡು ಹೋಗಲಿಲ್ಲ. ನಮ್ಮ ಮನೆಯ ಬಾಗಿಲಿನಿಂದಲೇ ಅವರು ಸದ್ದಿಲ್ಲದೆ ಹೊರಟುಹೋದರು.

ಆದ್ದರಿಂದ, ಪ್ರಿಯರೇ, ಮಸೀದಿಗಳನ್ನು ಎಣಿಸುವುದು ಬೇಡ. ಮುಸ್ಲಿಂ ಸಹೋದರರನ್ನು ಗೌರವದಿಂದ ಕಾಣಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ನಮಗೆ ಕಲಿಸಿದೆ. ಕಲಿಯುವುದಾದರೆ ಅವರಿಂದ ಒಂದನ್ನು ಕಲಿಯೋಣ: ಕೆಲಸದ ನಡುವೆ ಎದ್ದು ದೇವರನ್ನು ನೆನೆಯುವ ಶಿಸ್ತು. ನಮ್ಮ ಮಕ್ಕಳು ದೃಢೀಕರಣ ಪಡೆದ ಮೇಲೆ ಧರ್ಮೋಪದೇಶದ ಪುಸ್ತಕವನ್ನು ಮತ್ತೆ ತೆರೆಯುತ್ತಾರೆಯೇ? ರಾತ್ರಿ ಟಿವಿ, ಮೊಬೈಲು ಆರಿಸಿ ಮನೆಮಂದಿಯೆಲ್ಲ ಜಪಸರಕ್ಕೆ ಕೂಡುತ್ತೇವೆಯೇ? ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದಾಗ ಪಗಾರ ಆಯಿತೇ ಎಂದು ಕೇಳುವಂತೆ, ಭಾನುವಾರ ಪೂಜೆಗೆ ಹೋದೆಯಾ ಎಂದೂ ಕೇಳುತ್ತೇವೆಯೇ?

ಜೆರುಸಲೇಮಿನ ಆ ಮೂರು ಸಾವಿರ ಜನರನ್ನು ಮರುದಿನವೂ ಒಟ್ಟಿಗೆ ಇರಿಸಿದ ಪವಿತ್ರಾತ್ಮರು ನಮ್ಮ ಮನೆಗಳಲ್ಲಿಯೂ ನೆಲೆಸಲಿ. ಮಾತೆ ಮರಿಯಮ್ಮನವರು ನಮಗಾಗಿ ಬೇಡಿಕೊಳ್ಳಲಿ. ಎಲ್ಲರಿಗೂ ಹಬ್ಬದ ಶುಭಾಶಯಗಳು.