ಗಂಟೆ ಕೇಳದ ಹದಿನೈದು ವರ್ಷ



ವಿಭೂತಿ ಬುಧವಾರ ಬಂತೆಂದರೆ ಹಣೆಗೆ ಬೂದಿ, ಮನಸ್ಸಿಗೆ ಪ್ರಾರ್ಥನೆಯ ಕರೆ. ಆದರೆ ಹನಕೆರೆ ಕಡೆಯ ಮನೆಗಳಿಗೆ ಹೋಗಿ “ದಿನಾ ಜಪ ಮಾಡ್ತೀರಾ?” ಎಂದು ನಾವು ಕೇಳಿದರೆ ಬರುವ ಉತ್ತರ ಒಂದೇ: “ಟೈಮ್ ಎಲ್ಲೈತೆ ಫಾದರ್?” ಬೆಳಗಾದರೆ ಡೈರಿಗೆ ಹಾಲು ಹಾಕಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು, ನಾಲೆಗೆ ನೀರು ಬಂದರೆ ಗದ್ದೆಗೆ ಓಡಬೇಕು. ಇದು ಸುಳ್ಳಲ್ಲ. ಆದರೂ ಒಂದು ಮಾತು. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ ಸುಮಾರು ಮೂರು ಗಂಟೆಯ ದಾರಿ ಅರ್ಧಕ್ಕೆ ಇಳಿಯಿತು. ಉಳಿದ ಹೊತ್ತಿನಲ್ಲಿ ದೇವರ ಪಾಲಿಗೆ ಎಷ್ಟು ನಿಮಿಷ ಬಂತು?

ಇದೇ ದಾರಿಯಲ್ಲಿ ಮಂಡ್ಯ ದಾಟಿದರೆ ಶ್ರೀರಂಗಪಟ್ಟಣ. 1784ರ ಫೆಬ್ರವರಿ, ಅಂದೂ ವಿಭೂತಿ ಬುಧವಾರದ ಆಸುಪಾಸು. ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಟಿಪ್ಪು ಸುಲ್ತಾನರು ಮಂಗಳೂರು ಸೀಮೆಯ ಕಥೋಲಿಕರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ, ಇಲ್ಲಿಗೆ ತರಿಸಿದರು. ಅವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ನಾನಾ ಬಗೆಯಾಗಿ ಹೇಳುತ್ತಾರೆ. ದಾರಿಯಲ್ಲೇ ಸತ್ತವರು ಅನೇಕರು. ಊರಿನಲ್ಲಿ ಅವರ ಚರ್ಚುಗಳಲ್ಲಿ ಬಹುತೇಕ ನೆಲಸಮವಾದವು, ಗುರುಗಳು ಗಡಿಪಾರಾದರು. ಸೆರೆ ಮುಗಿದದ್ದು 1799ರ ಮೇ 4ರಂದು ಕೋಟೆ ಬಿದ್ದಾಗ. ಯಾರನ್ನೋ ದೂರಲು ನಾವು ಈ ಮಾತೆತ್ತಿಲ್ಲ. ಆ ಹದಿನೈದು ವರ್ಷ ವಿಶ್ವಾಸ ಹೇಗೆ ಉಳಿಯಿತು ಎಂಬುದೇ ನಮ್ಮ ಪ್ರಶ್ನೆ.

ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಗುರು ಅಬ್ಬೆ ದುಬುವಾ ಇದಕ್ಕೆ ಸಾಕ್ಷಿ. ಸೆರೆಯಾಳುಗಳು ಬಲವಂತಕ್ಕೆ ತಲೆಬಾಗಿದ್ದರೆಂಬುದನ್ನು ಅವರು ಮುಚ್ಚಿಡುವುದಿಲ್ಲ. ಒಬ್ಬರೂ ಎದುರು ನಿಲ್ಲಲಿಲ್ಲವೆಂದು ಕಟುವಾಗಿಯೇ ಬರೆಯುತ್ತಾರೆ. ಆದರೆ ಬಿಡುಗಡೆಯಾದೊಡನೆ ಹೆಚ್ಚಿನವರು ಮರಳಿ ಬಂದು, ನಾವು ಬಿಟ್ಟದ್ದು ಹೊರಗಿನಿಂದ ಮಾತ್ರ, ಹೃದಯದಲ್ಲಿ ಕ್ರಿಸ್ತರನ್ನು ಬಿಟ್ಟಿರಲಿಲ್ಲ ಎಂದರಂತೆ. ಅಂಥ ಸುಮಾರು 2,000 ಜನರನ್ನು ದುಬುವಾ ತಾವೇ ಕಂಡರು. ಇನ್ನೂ ಸುಮಾರು 20,000 ಜನ ಮಂಗಳೂರು ಸೀಮೆಗೆ ಹಿಂತಿರುಗಿ ಚರ್ಚುಗಳನ್ನು ಮತ್ತೆ ಕಟ್ಟಿದರೆಂದು ಬರೆದಿದ್ದಾರೆ.

ಪ್ರಿಯರೇ, ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಕರೆಯುವ ಗಂಟೆಯಿಲ್ಲ. ಅಂಥಲ್ಲಿ ಉಳಿಯುವುದು ಒಂದೇ: ತುಟಿ ಅಲುಗಿಸದೆ ದೇವರೊಡನೆ ಆಡುವ ಮಾತು. ಸೆರೆಯಾಳಿಗೆ ತನ್ನ ಹೊತ್ತು ತನ್ನದಲ್ಲ. ಆದರೂ ಆ ಮಾತಿಗೆ ಹೊತ್ತು ಸಿಕ್ಕಿತ್ತು. ಇಲ್ಲದಿದ್ದರೆ ಮರಳಿ ಬರಲು ಒಳಗೆ ಏನು ತಾನೇ ಉಳಿದಿರುತ್ತಿತ್ತು?

ಅವರಿಗೆ ಹೊರಗೆ ಏನೂ ಇರಲಿಲ್ಲ, ಒಳಗೆ ದೇವರಿದ್ದರು. ನಮಗೆ ಹೊರಗೆ ಎಲ್ಲವೂ ಇದೆ: ಚರ್ಚು, ಹಬ್ಬ, ಜ್ಞಾನಸ್ನಾನದ ದಾಖಲೆ. ಒಳಗೆ? ದಿನವಿಡೀ ದೇವರ ಕೆಲಸದಲ್ಲೇ ಓಡಾಡಿ, ದೇವರೊಡನೆ ಮಾತಾಡದೆ ಮಲಗುವ ಗುರುಗಳಾದ ನಮಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಪ್ರಭು ಯೇಸುವಿಗೂ ಬಿಡುವಿರಲಿಲ್ಲ. ಕಫೆರ್ನವುಮಿನಲ್ಲಿ ಸಂಜೆಯೆಲ್ಲ ರೋಗಿಗಳನ್ನು ಗುಣಪಡಿಸಿದ ಅವರು, ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತದಲ್ಲಿ ಪ್ರಾರ್ಥಿಸಿದರೆಂದು ಸಂತ ಮಾರ್ಕನ ಶುಭಸಂದೇಶ ತಿಳಿಸುತ್ತದೆ. ಅವರು ಬಿಡುವಿಗೆ ಕಾಯಲಿಲ್ಲ, ಮಾಡಿಕೊಂಡರು.

ಈ ತಪಸ್ಸು ಕಾಲದ ನಲವತ್ತು ದಿನ ಊಟಕ್ಕೆ ಮೊದಲು ಟಿ.ವಿ. ಆರಿಸಿ, ಮೊಬೈಲು ಬದಿಗಿಟ್ಟು, ಮನೆಮಂದಿಯೆಲ್ಲ ಹತ್ತು ನಿಮಿಷ ಕೂರೋಣ. ಜಪಸರದ ಒಂದು ದಶಕ ಸಾಕು. ಆಮೇಲೆ ಕಬ್ಬಿನ ಬಾಕಿ, ಮಗಳ ಪರೀಕ್ಷೆ, ಅಜ್ಜಿಯ ಮಂಡಿನೋವು ಎಲ್ಲವನ್ನೂ ನಮ್ಮ ಮಾತಿನಲ್ಲೇ ದೇವರಿಗೆ ಹೇಳೋಣ. ಕೊನೆಗೆ ಒಂದು ಗಳಿಗೆ ಸುಮ್ಮನಿದ್ದು ಅವರ ಮಾತನ್ನೂ ಕೇಳೋಣ. ಆಮೆನ್.